ನೀನು ಅಂದವರು

ನಮ್ಮ ತಾತನ ತೋಟದಲ್ಲಿ ಒಬ್ಬರು ಅಜ್ಜ ಕೆಲಸಕ್ಕಿದ್ದರು. ಮಂಡ್ಯ ಕಡೆಯ ಹಳ್ಳಿ ನಮ್ಮದು. ಗದ್ದೆಗೆ ನೀರು ಕಟ್ಟೋದು, ಗಾಡಿ ಹೊಡೆಯೋದು, ಕಾಯಿ ಕೀಳಿಸೋದು ಎಲ್ಲ ಅವರದ್ದೇ. ಈಗ ಬರೆಯುವಾಗ 'ಅವರು' ಅಂತ ಬರೆಯುತ್ತಿದ್ದೇನೆ. ಆಗ ನಮ್ಮನೆಯಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಎಂಟು ವರ್ಷದ ನಾನು ಅವರಿಗೆ 'ಬಾ, ಹೋಗು, ನೀನು' ಅನ್ನುತ್ತಿದ್ದೆ. ಅರವತ್ತು ದಾಟಿದ್ದ ಅವರು ನನಗೆ 'ಬನ್ನಿ ಬುದ್ಧಿ, ನೀವು' ಅನ್ನುತ್ತಿದ್ದರು. ಜಗುಲಿ ಹತ್ತಿರ ಬರುವ ಹೊತ್ತಿಗೆ ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಕಂಕುಳಿಗೆ ಸೇರಿಸಿಕೊಳ್ಳುತ್ತಿದ್ದರು. ಅವರು ಕಾಫಿ ಕುಡಿಯುವ ಲೋಟ ಹೊರಗಿನ ಸೂರಿನ ಸಂದಿಯಲ್ಲಿ ಇರುತ್ತಿತ್ತು. ಇದು ಎಂಥದ್ದು ಅಂತ ಕನ್ನಡ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಡಿಗ್ರಿಗೆ ಅಂತ ಬೆಂಗಳೂರಿಗೆ ಹೋದ ಮೇಲೆ ಇದೆಲ್ಲ ನನ್ನನ್ನು ಚುಚ್ಚಲು ಶುರುವಾಯಿತು. ಮೊದಲ ವರ್ಷದ ರಜೆಗೆ ಊರಿಗೆ ಬರುವಾಗ ಒಂದು ತೀರ್ಮಾನ ಮಾಡಿಕೊಂಡೇ ಬಸ್ಸು ಹತ್ತಿದ್ದೆ. ಅಜ್ಜ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದರು. ಹತ್ತಿರ ಹೋಗಿ, 'ಹೇಗಿದ್ದೀರಾ? ಊಟ ಆಯ್ತಾ ನಿಮ್ಮದು?' ಅಂದೆ. ಸುಲಿಯುತ್ತಿದ್ದ ಕೈ ಹಾಗೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ನಿಧಾನಕ್ಕೆ ಎದ್ದು ನಿಂತು, 'ಯಾಕ್ ಬುದ್ಧಿ, ನನ್ನಿಂದ ಏನಾರಾ ತಪ್ಪಾಯ್ತಾ?' ಅಂದರು.

ನಾನು ಏನೇನೋ ಸಮಾಧಾನ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಸಂಜೆ ಮನೆಗೆ ಹೊರಡುವ ಮುಂಚೆ ನಮ್ಮಜ್ಜಿ ಹತ್ತಿರ ನಿಂತು, 'ಚಿಕ್ಕಬುದ್ಧಿಯೋರಿಗೆ ನನ್ ಮ್ಯಾಲೆ ಕ್ವಾಪ ಬಂದೈತೆ ಅವ್ವಾರೆ, ಯಾಕೆ ಅಂತ ಗೊತ್ತಾಗ್ಲಿಲ್ಲ' ಅಂತ ಹೇಳಿ ಹೋಗಿದ್ದರು. ಮರ್ಯಾದೆ ಕೊಡಲು ಹೋಗಿ ನಾನು ಅವರಿಗೆ ಒಂದು ರಾತ್ರಿಯ ನಿದ್ದೆ ಕೆಡಿಸಿದ್ದೆ. ಎಲ್ಲಿ ತಪ್ಪಿದೆ ಅನ್ನೋದು ಮಾತ್ರ ನನಗೆ ತುಂಬಾ ವರ್ಷ ಗೊತ್ತಾಗಲಿಲ್ಲ.

ಗೊತ್ತಾಗಲು ಶುರುವಾಗಿದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದವರ ಬಗ್ಗೆ ಓದುವಾಗ. ಇವತ್ತು ಕ್ವೇಕರ್ ಅಂದರೆ ಯುದ್ಧ ಬೇಡ ಅನ್ನುವ, ಸುಮ್ಮನೆ ಮೌನವಾಗಿ ಕೂತು ಪ್ರಾರ್ಥಿಸುವ ಮೆತ್ತಗಿನ ಜನ ಅಂತ ನಮ್ಮ ಕಲ್ಪನೆ. 1650ರ ದಶಕದಲ್ಲಿ ಅವರು ಹಾಗಿರಲಿಲ್ಲ. ಚರ್ಚಿನಲ್ಲಿ ಪಾದ್ರಿಯ ಉಪದೇಶ ನಡೆಯುವಾಗ ಎದ್ದು ನಿಂತು ವಾದಕ್ಕಿಳಿಯುತ್ತಿದ್ದರು. ಚರ್ಚಿಗೆ ಕೊಡಬೇಕಾದ ಹತ್ತರಲ್ಲೊಂದು ಪಾಲು ಕಟ್ಟುವುದಿಲ್ಲ ಅನ್ನುತ್ತಿದ್ದರು. ಆಣೆ ಇಡುವುದಿಲ್ಲ ಅನ್ನುತ್ತಿದ್ದರು. ಅವರ ಮೇಲೆ ಜನಕ್ಕೆ ಸಿಟ್ಟು ಬರಲು ಕಾರಣಗಳು ಹಲವಾರು. ಆದರೆ ದಿನದಿನದ ಬದುಕಿನಲ್ಲಿ, ಸಂತೆಯಲ್ಲಿ, ಕೋರ್ಟಿನಲ್ಲಿ, ಅಪ್ಪನ ಊಟದ ಮೇಜಿನ ಮುಂದೆ ಏಟು ತಿನ್ನಿಸಿದ್ದು ಎರಡೇ ವಿಷಯ. ಒಂದು, ಯಾರ ಮುಂದೆಯೂ ತಲೆ ಮೇಲಿನ ಹ್ಯಾಟ್ ತೆಗೆಯುವುದಿಲ್ಲ ಅನ್ನೋದು. ಇನ್ನೊಂದು, ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುತ್ತೇವೆ ಅನ್ನೋದು.

ಹ್ಯಾಟ್ ವಿಷಯ ಓದುವಾಗ ನನಗೆ ಕಣ್ಣೆದುರು ಬಂದಿದ್ದು ಕಂಕುಳಲ್ಲಿದ್ದ ಆ ಟವಲ್.

ದೇವರಿಗೂ ನೀನು, ಆಳಿಗೂ ನೀನು

ಇಂಗ್ಲಿಷಿನಲ್ಲಿ ಈಗ ಇರೋದು 'ಯೂ' ಒಂದೇ. ಆಗ ಎರಡಿದ್ದವು. 'ದೌ' ಅಂದರೆ ನೀನು, 'ಯೂ' ಅಂದರೆ ನೀವು. ದೌ ಯಾರಿಗೆ ಬಳಕೆಯಾಗುತ್ತಿತ್ತು ನೋಡಿ: ಮಕ್ಕಳಿಗೆ, ಆಪ್ತರಿಗೆ, ಆಳುಗಳಿಗೆ, ದೇವರಿಗೆ. ನಮ್ಮಲ್ಲೂ ಅದೇ ಅಲ್ವಾ? ಅಮ್ಮನಿಗೆ ನೀನು, ಮಗುವಿಗೆ ನೀನು, ಗೌಡರ ಮನೆ ಆಳಿಗೆ ನೀನು, ದೇವರಿಗೂ ನೀನು. 'ಕಾಪಾಡಪ್ಪಾ ನೀನೇ' ಅಂತ ಬೇಡುತ್ತೇವೆಯೇ ಹೊರತು ದೇವರಿಗೆ 'ದಯವಿಟ್ಟು ತಾವು ಕಾಪಾಡಬೇಕು' ಅನ್ನುವುದು ಕಡಿಮೆ. ಇಷ್ಟು ಹತ್ತಿರದ ಮತ್ತು ಇಷ್ಟು ದೂರದ ಜನರನ್ನು ಒಂದೇ ಪದ ಹಿಡಿದಿಟ್ಟಿರುವುದು ನನಗೆ ಈಗಲೂ ಆಶ್ಚರ್ಯ.

ಕ್ವೇಕರ್‌ಗಳ ವಾದ ನೆಟ್ಟಗೆ ಇಲ್ಲಿಗೇ ಬರುತ್ತದೆ. ದೇವರನ್ನೇ ನೀನು ಅನ್ನುತ್ತೇವೆ. ಅವನಿಗೆ ಅಷ್ಟು ಸಾಕು. ಮನುಷ್ಯನೊಬ್ಬ ತನಗೆ ಅದಕ್ಕಿಂತ ಜಾಸ್ತಿ ಬೇಕು ಅಂದರೆ ಅವನು ಯಾರು? ಜೊತೆಗೆ ಇನ್ನೊಂದು ಮಾತು. ಎದುರಿಗೆ ನಿಂತಿರುವುದು ಒಬ್ಬ. ಒಬ್ಬನನ್ನು ಹಲವರು ಅನ್ನುವುದು ಸುಳ್ಳು. ಸುಳ್ಳು ಪಾಪ. ಅಷ್ಟೇ.

ಇದನ್ನು ಮುಂದೆ ನಿಂತು ಹೇಳಿದವನು ಜಾರ್ಜ್ ಫಾಕ್ಸ್. ಲೆಸ್ಟರ್‌ಶೈರ್‌ನ ಒಬ್ಬ ನೇಕಾರನ ಮಗ, 1624ರಲ್ಲಿ ಹುಟ್ಟಿದವನು, ಹುಡುಗನಿದ್ದಾಗ ಚಮ್ಮಾರನ ಹತ್ತಿರ ಕೆಲಸ ಕಲಿತವನು. (ನಾನು ಈ ಬರಹದಲ್ಲಿ ಫಾಕ್ಸ್‌ನನ್ನೂ ಅವನ ಜೊತೆಯವರನ್ನೂ ಏಕವಚನದಲ್ಲೇ ಬರೆಯುತ್ತೇನೆ. ಅದಕ್ಕಾಗಿಯೇ ಜೈಲಿಗೆ ಹೋದವರು ಅವರು.) ದೊಡ್ಡವರು ಚಿಕ್ಕವರು ಯಾರಿಗೂ ಹ್ಯಾಟ್ ತೆಗೆಯಬೇಡ, ಬಡವ ಬಲ್ಲಿದ ಅನ್ನದೆ ಎಲ್ಲರಿಗೂ ದೌ ಅನ್ನು ಅಂತ ದೇವರೇ ತನಗೆ ಹೇಳಿದ ಎಂದು ಅವನು ಬರೆದುಕೊಂಡಿದ್ದಾನೆ. 1650ರಲ್ಲಿ ಡರ್ಬಿಯ ನ್ಯಾಯಾಧೀಶನೊಬ್ಬನಿಗೆ 'ದೇವರ ಮಾತಿನ ಮುಂದೆ ನಡುಗು' ಅಂದನಂತೆ. ಆ ನ್ಯಾಯಾಧೀಶ ಇವರಿಗೆ 'ನಡುಗುವವರು' ಅಂತಲೇ ಹೆಸರಿಟ್ಟ. ಕ್ವೇಕರ್ ಅಂದರೆ ಅಷ್ಟೇ. ತಮ್ಮನ್ನು ತಾವು ಅವರು ಕರೆದುಕೊಂಡಿದ್ದು 'ಮಿತ್ರರು' ಅಂತ.

1656ರಲ್ಲಿ ಕಾರ್ನ್‌ವಾಲ್‌ನ ಲಾನ್‌ಸೆಸ್ಟನ್ ಕೋರ್ಟಿನಲ್ಲಿ ನಡೆದದ್ದನ್ನು ಫಾಕ್ಸ್ ಎಳೆಎಳೆಯಾಗಿ ಬರೆದಿಟ್ಟಿದ್ದಾನೆ. ಮುಖ್ಯ ನ್ಯಾಯಾಧೀಶ ಗ್ಲಿನ್ ಹ್ಯಾಟ್ ತೆಗೆ ಅಂದ. ಫಾಕ್ಸ್ ಕೇಳಿದ: ಮೋಶೆಯಿಂದ ದಾನಿಯೇಲನವರೆಗೆ ಯಾವ ಅಧಿಕಾರಿ ತನ್ನ ಮುಂದೆ ಹ್ಯಾಟ್ ತೆಗೆಸಿದ, ಬೈಬಲಿನಲ್ಲಿ ತೋರಿಸು. ಗ್ಲಿನ್ ಸಿಟ್ಟಾಗಿ ಫಾಕ್ಸ್‌ನನ್ನೂ ಅವನ ಜೊತೆಗಿದ್ದವರನ್ನೂ ಹೊರಗೆ ಕಳಿಸಿದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕರೆಸಿ, ಈಗ ಸಿಕ್ಕಿಬಿದ್ದೆ ಅನ್ನುವ ಹಾಗೆ, ಮೋಶೆಯಿಂದ ದಾನಿಯೇಲನವರೆಗೆ ಅವರ ತಲೆ ಮೇಲೆ ಹ್ಯಾಟ್ ಎಲ್ಲಿತ್ತು ಹೇಳು ಅಂದ. ದಾನಿಯೇಲನ ಮೂರನೇ ಅಧ್ಯಾಯ ಓದು, ಮೂವರನ್ನು ಬೆಂಕಿಯ ಕುಲುಮೆಗೆ ಎಸೆದಾಗ ಅವರ ಮೈ ಮೇಲೆ ಅಂಗಿಯೂ ಇತ್ತು, ತಲೆ ಮೇಲೆ ಹ್ಯಾಟೂ ಇತ್ತು ಅಂದ ಫಾಕ್ಸ್. ಆಗಿನ ಇಂಗ್ಲಿಷ್ ಬೈಬಲಿನಲ್ಲಿ ಹಾಗೇ ಇದೆ. ಕೊನೆಗೆ ಹ್ಯಾಟ್ ತೆಗೆಯದಿದ್ದಕ್ಕೆ ಒಬ್ಬೊಬ್ಬರಿಗೆ 20 ಮಾರ್ಕ್ ದಂಡ. ಕಟ್ಟುವುದಿಲ್ಲ ಅಂದರು. ಕೊಳೆತ ನೀರು, ಮಲ ತುಂಬಿದ 'ಡೂಮ್ಸ್‌ಡೇಲ್' ಅನ್ನುವ ಕತ್ತಲೆ ಕೋಣೆಗೆ ಹಾಕಿದರು.

ಥಾಮಸ್ ಎಲ್‌ವುಡ್‌ನದು ಬೇರೆ ಥರದ ಕಥೆ. ಆಕ್ಸ್‌ಫರ್ಡ್‌ಶೈರ್‌ನ ಮನೆತನಸ್ಥರ ಹುಡುಗ. ಅಪ್ಪ ಊರಿನ ಮ್ಯಾಜಿಸ್ಟ್ರೇಟ್. ಇಪ್ಪತ್ತರ ವಯಸ್ಸಿಗೆ ಹುಡುಗ ಕ್ವೇಕರ್ ಆಗಿ ಮನೆಗೆ ಬಂದ. ಹ್ಯಾಟ್ ತೆಗೆಯದೆ ಎದುರಿಗೆ ನಿಂತ ಮಗನನ್ನು ಅಪ್ಪ ಎರಡೂ ಕೈಯಲ್ಲಿ ಗುದ್ದಿ, ಹ್ಯಾಟ್ ಕಿತ್ತು ಎಸೆದ. ಹುಡುಗ ಇನ್ನೊಂದು ಹಾಕಿಕೊಂಡ. ಅದನ್ನೂ ಕಿತ್ತುಕೊಂಡ. ಹೀಗೆ ಒಂದೊಂದಾಗಿ ಎಲ್ಲ ಹ್ಯಾಟೂ ಹೋದವು. ಹೊರಗೆ ಓಡಾಡಲು ಹ್ಯಾಟಿಲ್ಲದೆ ಆ ಚಳಿಗಾಲವಿಡೀ ಅವನು ಮನೆಯೊಳಗೇ ಕಳೆದ. ಅಪ್ಪನಿಗೆ ಹ್ಯಾಟಿಗಿಂತ ಜಾಸ್ತಿ ಉರಿದದ್ದು ಮಾತು. ಇನ್ನೊಂದು ಸಲ ನನಗೆ ದೌ ಅಂದರೆ ಹಲ್ಲು ಗಂಟಲಿಗೆ ಇಳಿಸುತ್ತೇನೆ ಅಂದನಂತೆ.

ಬೆಂಗಳೂರಿನ ಸಿಗ್ನಲ್‌ನಲ್ಲಿ ಗಾಡಿ ತಾಗಿದಾಗ ನಡೆಯುವ ಜಗಳ ನೋಡಿದವರಿಗೆ ಇದು ಗೊತ್ತು. ಮೊದಲ ಐದು ನಿಮಿಷ ಬಂಪರ್ ಬಗ್ಗೆ. ಆಮೇಲೆ ಒಬ್ಬ 'ನೀನು' ಅಂತಾನೆ. ಅಲ್ಲಿಂದ ಬಂಪರ್ ಮರೆತುಹೋಗುತ್ತದೆ. 'ಏಯ್, ಸಿಂಗ್ಯುಲರ್‌ನಲ್ಲಿ ಮಾತಾಡ್ಬೇಡ' ಅನ್ನೋದೇ ಮುಂದಿನ ಜಗಳ. ಒಂದು ಸರ್ವನಾಮಕ್ಕೆ ಕೈ ಮಿಲಾಯಿಸುವಷ್ಟು ಕಾವು ಇದೆ ಅಂತ ಕನ್ನಡದವರಿಗೆ ಯಾರೂ ಪಾಠ ಮಾಡಬೇಕಿಲ್ಲ.

ಎಂಟು ಪುಟದ ಜಗಳ

1641ರಲ್ಲಿ ಸ್ಟಾರ್ ಚೇಂಬರ್ ಅನ್ನುವ ರಾಜನ ಕೋರ್ಟು ರದ್ದಾದಾಗ ಅಚ್ಚಿನ ಮೇಲಿದ್ದ ಹಿಡಿತ ಸಡಿಲವಾಯಿತು. ಆಮೇಲಿನ ಇಪ್ಪತ್ತು ವರ್ಷ ಲಂಡನ್ನಿನಲ್ಲಿ ಪುಸ್ತಿಕೆಗಳ ಸುರಿಮಳೆ. ಜಾರ್ಜ್ ಥಾಮಸನ್ ಅನ್ನುವ ಪುಸ್ತಕದ ಅಂಗಡಿಯವನೊಬ್ಬ 1640ರಿಂದ 1661ರವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಟ್ಟ, ಎಷ್ಟೋ ಪುಸ್ತಿಕೆಗಳ ಮೇಲೆ ಸಿಕ್ಕಿದ ತಾರೀಖನ್ನೂ ಬರೆದ. 22 ಸಾವಿರಕ್ಕೂ ಹೆಚ್ಚು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಕ್ವೇಕರ್‌ಗಳು ಈ ಮಳೆಗೆ ತಡವಾಗಿ ಬಂದವರು, ಆದರೆ ಬಂದವರು ನಿಲ್ಲಲಿಲ್ಲ. 1656 ಮುಗಿಯುವ ಹೊತ್ತಿಗೆ ಅವರ ಪುಸ್ತಿಕೆಗಳೇ ಮುನ್ನೂರರ ಹತ್ತಿರ. ಒಂದು ಹಾಳೆಯನ್ನು ಎರಡು ಸಲ ಮಡಚಿದರೆ ನಾಲ್ಕು ಎಲೆ, ಎಂಟು ಪುಟ. ಅಂಚಿಗೆ ದಾರದ ಹೊಲಿಗೆ. ರಟ್ಟಿಲ್ಲ. ಎಷ್ಟೋ ಪುಸ್ತಿಕೆಗಳು ಇಷ್ಟೇ. ಜೇಬಿನಲ್ಲಿ ಇಟ್ಟುಕೊಂಡು ಸಂತೆಗೆ ಹೋಗಬಹುದು, ಚರ್ಚಿನ ಬಾಗಿಲಲ್ಲಿ ಹಂಚಬಹುದು. ಉತ್ತರದ ಹಳ್ಳಿಗಳಿಂದ ಹಸ್ತಪ್ರತಿ ಲಂಡನ್ನಿಗೆ ಬರುತ್ತಿತ್ತು. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ರೆಕ್ಕೆ ಬಿಚ್ಚಿದ ಕರಿ ಹದ್ದಿನ ಬೋರ್ಡ್ ಇದ್ದ ಜೈಲ್ಸ್ ಕ್ಯಾಲ್ವರ್ಟ್‌ನ ಅಂಗಡಿಯಲ್ಲಿ ಮಾರಾಟ. ಬರೆದವರಲ್ಲಿ ಹೆಂಗಸರೂ ಇದ್ದರು, ಜೈಲಿನಿಂದ ಬರೆದವರಂತೂ ತುಂಬಾ. 1655ರಲ್ಲಿ ಪ್ರಿಸಿಲ್ಲಾ ಕಾಟನ್ ಮತ್ತು ಮೇರಿ ಕೋಲ್ ಎಕ್ಸೆಟರ್ ಜೈಲಿನಲ್ಲಿ ಕೂತು ಇಂಗ್ಲೆಂಡಿನ ಪಾದ್ರಿಗಳಿಗೆ ಉತ್ತರ ಬರೆದರು. ಮುಂದೆ 1666ರಲ್ಲಿ ಮಾರ್ಗರೆಟ್ ಫೆಲ್ ಹೆಂಗಸರು ಸಭೆಯಲ್ಲಿ ಮಾತಾಡುವುದು ಸರಿ ಅಂತ ಬೈಬಲಿನಿಂದಲೇ ವಾದಿಸಿ ಅಚ್ಚು ಹಾಕಿಸಿದಾಗ ಅವಳೂ ಲ್ಯಾಂಕಾಸ್ಟರ್ ಜೈಲಿನಲ್ಲಿದ್ದಳು.

ಪುಸ್ತಿಕೆಗಳ ಮಾತು ಸೌಮ್ಯವಾಗಿರಲಿಲ್ಲ. ಪಾದ್ರಿಗಳನ್ನು ಇವರು ಕೂಲಿಗೆ ಬೋಧಿಸುವವರು, ಮೋಸಗಾರರು, ಮೂಕ ನಾಯಿಗಳು ಅಂತ ಬೈದರು. ಆ ಕಡೆಯವರು ಇವರನ್ನು ಮಾಟಗಾರರು, ವೇಷ ಹಾಕಿದ ಕ್ಯಾಥೊಲಿಕ್ ಸನ್ಯಾಸಿಗಳು ಅಂದರು. ಈ ಕೊನೆಯ ಆರೋಪವನ್ನು 1655ರಲ್ಲಿ ಅಚ್ಚು ಹಾಕಿಸಿದವನು ವಿಲಿಯಂ ಪ್ರಿನ್. ಇದೇ ಪ್ರಿನ್‌ನ ಎರಡೂ ಕಿವಿ ಇಪ್ಪತ್ತು ವರ್ಷದ ಹಿಂದೆ ಅವನು ಬರೆದದ್ದಕ್ಕಾಗಿಯೇ ಹೋಗಿದ್ದವು. ಕೆನ್ನೆ ಮೇಲೆ ಬರೆಯ ಗುರುತಿತ್ತು. ಅಷ್ಟು ಅನುಭವಿಸಿದವನು ಇನ್ನೊಬ್ಬರ ಮೇಲೆ ಸರ್ಕಾರವನ್ನು ಎತ್ತಿಕಟ್ಟುವುದನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಒಂದು ಜಗಳವನ್ನು ಮಾತ್ರ ಸ್ವಲ್ಪ ನಿಂತು ನೋಡೋಣ. 1656ರಲ್ಲಿ ಬೆಡ್‌ಫರ್ಡ್‌ನ ಜಾನ್ ಬನಿಯನ್ ತನ್ನ ಮೊದಲ ಪುಸ್ತಕ ಬರೆದ. ಮುಂದೆ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಬರೆದ ಅದೇ ಬನಿಯನ್. ಆಗ ಅವನು ಊರೂರು ತಿರುಗಿ ಪಾತ್ರೆಗೆ ಬೆಸುಗೆ ಹಾಕುವವನು. ಪುಸ್ತಕ ಬರೆದದ್ದೇ ಕ್ವೇಕರ್‌ಗಳ ವಿರುದ್ಧ. ಜೆರುಸಲೇಮಿನ ಹೊರಗೆ ರಕ್ತಮಾಂಸದ ಯೇಸು ಸತ್ತು ಎದ್ದದ್ದರಿಂದ ನಮಗೆ ಮೋಕ್ಷ, ನೀವು ಬರೀ ಪ್ರತಿಯೊಬ್ಬರ ಒಳಗಿರುವ ದೇವರ ಬೆಳಕು ಅಂತ ಹೇಳಿ ಆ ಯೇಸುವನ್ನೇ ಮರೆಸುತ್ತಿದ್ದೀರಿ ಅನ್ನುವುದು ಅವನ ತಕರಾರು. ಅದೇ ವರ್ಷ ಉತ್ತರ ಬಂತು, ಎಡ್ವರ್ಡ್ ಬರೋನಿಂದ. ವೆಸ್ಟ್‌ಮೋರ್ಲೆಂಡ್‌ನ ರೈತರ ಮನೆಯ ಹುಡುಗ, ವಯಸ್ಸು ಇಪ್ಪತ್ತಮೂರರ ಆಸುಪಾಸು. 1657ರಲ್ಲಿ ಬನಿಯನ್ ಮರುತ್ತರ, ಅದೇ ವರ್ಷ ಬರೋ ಅದಕ್ಕೂ ಉತ್ತರ. ಎದುರಿನವನ ಸಾಲು ಎತ್ತಿ ಬರೆಯೋದು, ಕೆಳಗೆ ತನ್ನ ಏಟು ಕೊಡೋದು, ಮತ್ತೆ ಸಾಲು, ಮತ್ತೆ ಏಟು. ಬರೋ ಒಂದು ಕಡೆ ಬನಿಯನ್‌ನನ್ನು ದುಡ್ಡಿಗೆ ಬೋಧಿಸುವವರ ಸಾಲಿಗೆ ಸೇರಿಸಿದ. ಆ ಏಟು ತಾಗಿತು. ನಾನು ಬಡವ, ಲೋಕದಲ್ಲಿ ಹೆಸರಿಲ್ಲದವ, ಸತ್ಯ ಬೋಧಿಸುತ್ತೇನೆ, ನನ್ನ ಮತ್ತು ನನ್ನವರ ಹೊಟ್ಟೆಗೆ ನನ್ನ ಕೈಯಿಂದಲೇ ದುಡಿಯುತ್ತೇನೆ ಅನ್ನುವ ಅರ್ಥದಲ್ಲಿ ಬನಿಯನ್ ಉತ್ತರ ಕೊಟ್ಟ. ಬೈಗುಳಗಳ ಮಧ್ಯೆ ಒಂದು ಗಾಯ ಹಾಗೇ ಕಾಣುತ್ತದೆ ಅಲ್ಲಿ.

ಇಬ್ಬರೂ ಕೈಯಲ್ಲಿ ದುಡಿಯುವ ಮನೆಗಳಿಂದ ಬಂದವರು. ಇಬ್ಬರಿಗೂ ಕಾಲೇಜಿನ ಓದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ದೌ ಅಂದುಕೊಂಡೇ ಬಡಿದಾಡಿದರು. ಅಂತರ್ಯುದ್ಧದ ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ರಾಜನಿಲ್ಲದಿದ್ದ ಇಂಗ್ಲೆಂಡಿಗೆ 1660ರಲ್ಲಿ ರಾಜ ವಾಪಸ್ ಬಂದ. ಆ ವರ್ಷವೇ ಬನಿಯನ್ ಜೈಲಿಗೆ ಹೋದ, ಹನ್ನೆರಡು ವರ್ಷಕ್ಕೆ. ಬರೋ 1663ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ, ಮೂವತ್ತು ತುಂಬುವ ಮುಂಚೆಯೇ ಸತ್ತ. 1672ರಲ್ಲಿ ಕ್ವೇಕರ್‌ಗಳು ತಮ್ಮ ಜನರ ಬಿಡುಗಡೆಗೆ ಓಡಾಡಿ ರಾಜನಿಂದ ಕ್ಷಮಾಪಣೆಯ ಆದೇಶ ಪಡೆದರು. ಅದರಲ್ಲಿ ಬೇರೆ ಪಂಗಡದವರ ಹೆಸರುಗಳನ್ನೂ ಸೇರಿಸಲು ಒಪ್ಪಿದರು. ಒಟ್ಟು 491 ಹೆಸರು. ಅದರಲ್ಲಿ ಒಂದು ಜಾನ್ ಬನಿಯನ್.

ಹಿಡಿಕೆ ಇರುವ ಹಲಗೆ

ಇಷ್ಟೆಲ್ಲದರಲ್ಲಿ ನನಗೆ ತುಂಬಾ ಇಷ್ಟವಾದದ್ದು 1660ರ ಒಂದು ಪುಸ್ತಕ. ಫಾಕ್ಸ್, ಜಾನ್ ಸ್ಟಬ್ಸ್, ಬೆಂಜಮಿನ್ ಫರ್ಲಿ ಮೂವರೂ ಸೇರಿ ತಂದದ್ದು. ಆಗ ಅಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲು ಹಿಡಿಕೆ ಇರುವ ಒಂದು ಮರದ ಹಲಗೆ ಇರುತ್ತಿತ್ತು. ಅದಕ್ಕೆ 'ಬ್ಯಾಟಲ್‌ಡೋರ್' ಅಂತಲೂ ಹೆಸರು. ಈ ಪುಸ್ತಕದ ಹೆಸರೂ ಅದೇ: ಪಂಡಿತರಿಗೆ ಏಕವಚನ ಬಹುವಚನ ಕಲಿಸುವ ಹಲಗೆ. ಒಳಗೆ ಪುಟಗಳ ಸುತ್ತ ಆ ಹಲಗೆಯ ಆಕಾರದಲ್ಲೇ ಕಪ್ಪು ಗೆರೆ ಎಳೆದಿದ್ದಾರೆ. ಗೆರೆಯೊಳಗೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಅರೇಬಿಕ್ ಹೀಗೆ ಹತ್ತಾರು ಭಾಷೆಗಳ ಸಾಕ್ಷಿ. ನೋಡಿ, ಇಲ್ಲಿ ಒಬ್ಬನಿಗೆ ಒಂದು ಪದ, ಹಲವರಿಗೆ ಬೇರೆ ಪದ ಇದೆ. ಒಬ್ಬನಿಗೆ ಬಹುವಚನ ಹಾಕುವುದು ಪೋಪ್ ಮತ್ತು ಚಕ್ರವರ್ತಿಗಳ ಅಹಂಕಾರದಿಂದ ಬಂದ ಅಭ್ಯಾಸ. ವಿಶ್ವವಿದ್ಯಾಲಯದಲ್ಲಿ ವ್ಯಾಕರಣ ಕಲಿತವರೇ ವ್ಯಾಕರಣ ಮರೆತಿದ್ದೀರಿ, ಮತ್ತೆ ಹಲಗೆ ಹಿಡಿದು ಕಲಿಯಿರಿ.

ಫಾಕ್ಸ್‌ಗೆ ಆ ಭಾಷೆಗಳು ಬರುತ್ತಿರಲಿಲ್ಲ. ಅದು ಸ್ಟಬ್ಸ್ ಮತ್ತು ಫರ್ಲಿಯ ದುಡಿಮೆ. ಆದರೆ ಆ ಪುಸ್ತಕವನ್ನು ರಾಜನಿಗೆ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್‌ಗೆ, ವಿಶ್ವವಿದ್ಯಾಲಯಗಳಿಗೆ ಕಳಿಸಿದ ಬಗ್ಗೆ ಫಾಕ್ಸ್ ಖುಷಿಯಿಂದ ಬರೆದುಕೊಂಡಿದ್ದಾನೆ. ನೇಕಾರನ ಮಗ ಆರ್ಚ್‌ಬಿಷಪ್‌ಗೆ ಅಕ್ಷರದ ಹಲಗೆ ಕಳಿಸುವುದು ಅಂದರೆ ಏನು ಅಂತ ಯೋಚಿಸಿ ನೋಡಿ.

ಅದರಲ್ಲಿ ಒಂದು ಕನ್ನಡದ ಹಲಗೆ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ನಾನು ಒಂದು ರಾತ್ರಿ ಹಾಳೆ ಮೇಲೆ ಬರೆಯಲು ಕೂತೆ. ನೀನು ಬಂದೆ. ನೀವು ಬಂದಿರಿ. ಅವನು ಬಂದ. ಅವರು ಬಂದರು. ಅಲ್ಲಿಗೆ ಮುಗಿಯಲಿಲ್ಲ. ತಾವು ಬರಬೇಕು. ಬನ್ನಿ ಬುದ್ಧಿ. ಬಾರೋ. ಬಾರಪ್ಪ. ಬಾ ಮಗ. ಬರ್ಲಾ. ನಮ್ಮ ಹಲಗೆ ಒಂದು ಪುಟಕ್ಕೆ ಹಿಡಿಯುವುದಿಲ್ಲ. ಬರೆಯುತ್ತಾ ಹೋದ ಹಾಗೆ ಪ್ರತಿ ಪದದ ಪಕ್ಕ ಯಾರು ಯಾರಿಗೆ ಅಂದದ್ದು ಅಂತ ಬರೆಯಬೇಕಾಯಿತು. ಆಗ ನನಗೆ ಹಿತ್ತಲಿನ ಆ ಸಂಜೆ ಸ್ವಲ್ಪ ಅರ್ಥವಾಯಿತು.

ಕ್ವೇಕರ್‌ಗಳ ದೌಗೆ ಬೆಂಕಿ ಬಂದದ್ದು ಅದು ಕೆಳಗಿನಿಂದ ಮೇಲಕ್ಕೆ ಹೋದದ್ದರಿಂದ. ನೇಕಾರರು, ಸಣ್ಣ ರೈತರು, ಮನೆಗೆಲಸದ ಹೆಂಗಸರು ನ್ಯಾಯಾಧೀಶನ ಮುಖ ನೋಡಿ ದೌ ಅಂದರು. ನ್ಯಾಯಾಧೀಶ ಅವರಿಗೆ ದೌ ಅಂದರೆ ಅದರಲ್ಲಿ ಹೊಸದೇನಿದೆ, ಅವನು ಹುಟ್ಟಿದಾಗಿನಿಂದ ಹಾಗೇ ಅನ್ನುತ್ತಿದ್ದ. ಸಿರಿವಂತ ಹುಡುಗ ಎಲ್‌ವುಡ್ ಕೂಡ ಏಟು ತಿಂದದ್ದು ಅಪ್ಪನಿಗೆ ದೌ ಅಂದಾಗ, ಆಳಿಗೆ ಅಂದಾಗ ಅಲ್ಲ. ಅಂದರೆ ತೂಕ ಇರುವುದು ಮೇಲಿನವನು ಏನು ಕರೆಯುತ್ತಾನೆ ಅನ್ನುವುದರಲ್ಲಿ ಅಲ್ಲವೇ ಅಲ್ಲ. ಕೆಳಗಿನವನು ಏನು ಕರೆಯಬಹುದು ಅನ್ನುವುದರಲ್ಲಿ. ನಾನು ಅಜ್ಜನಿಗೆ ನೀವು ಅಂದೆ. ಅದಕ್ಕೆ ನನಗೆ ಒಂದು ಪೈಸೆ ಖರ್ಚಾಗಲಿಲ್ಲ. ಅವರು ನನಗೆ ನೀವು ಅನ್ನುವುದು ಹಾಗೇ ಉಳಿಯಿತು, ಟವಲ್ ಕಂಕುಳಲ್ಲೇ ಉಳಿಯಿತು, ಲೋಟ ಸೂರಿನಲ್ಲೇ ಉಳಿಯಿತು. ಹೊಸದಾಗಿ ಸೇರಿದ್ದು ಭಯ ಒಂದೇ. ಬುದ್ಧಿಯೋರು ದಿಢೀರಂತ ನೀವು ಅಂದರೆ ಆಳಿಗೆ ಅದರ ಅರ್ಥ 'ಇನ್ನು ನೀನು ನಮ್ಮವನಲ್ಲ' ಅಂತ ತಾನೇ?

ಬ್ರಿಸ್ಟಲ್‌ನ ಮಳೆ

ಜೇಮ್ಸ್ ನೇಲರ್ ಬಗ್ಗೆ ಬರೆಯದೆ ಇದನ್ನು ಮುಗಿಸಲು ನನ್ನಿಂದ ಆಗುವುದಿಲ್ಲ. ಯಾರ್ಕ್‌ಶೈರ್‌ನವನು. ಪಾರ್ಲಿಮೆಂಟಿನ ಸೈನ್ಯದಲ್ಲಿ ವರ್ಷಗಟ್ಟಲೆ ಇದ್ದು, ಮನೆಗೆ ಬಂದು ಉಳುಮೆ ಮಾಡುತ್ತಿದ್ದಾಗ ಹೊರಡು ಅನ್ನುವ ದನಿ ಕೇಳಿಸಿತು ಅಂತ ನೇಗಿಲು ಬಿಟ್ಟು ಹೊರಟವನು. ಪುಸ್ತಿಕೆ ಬರೆಯುವುದರಲ್ಲಿ, ಎದುರು ನಿಂತು ವಾದ ಮಾಡುವುದರಲ್ಲಿ ಫಾಕ್ಸ್‌ಗಿಂತ ಅವನೇ ಚುರುಕು ಅಂತ ನನಗೆ ಅನ್ನಿಸುತ್ತದೆ. ರಿಚರ್ಡ್ ಬ್ಯಾಕ್ಸ್‌ಟರ್‌ನಂಥ ದೊಡ್ಡ ಪಾದ್ರಿ 1655ರಲ್ಲಿ ಕ್ವೇಕರ್‌ಗಳ ಮೇಲೆ ಪುಸ್ತಕ ಬರೆದಾಗ ಅದೇ ವರ್ಷ ಉತ್ತರ ಕೊಟ್ಟವನು ನೇಲರ್.

1656ರ ಹೊತ್ತಿಗೆ ಅವನ ಸುತ್ತ ಅವನನ್ನು ಆರಾಧಿಸುವ ಒಂದು ಸಣ್ಣ ಗುಂಪು ಬೆಳೆದಿತ್ತು. ಫಾಕ್ಸ್‌ಗೂ ಅವನಿಗೂ ಬಿರುಕು ಬಿಟ್ಟಿತು. ಎಕ್ಸೆಟರ್ ಜೈಲಿನಲ್ಲಿ ಫಾಕ್ಸ್ ಪ್ರಾರ್ಥನೆ ಮಾಡುವಾಗ ನೇಲರ್ ಮತ್ತು ಅವನ ಕಡೆಯವರು ಹ್ಯಾಟ್ ತೆಗೆಯದೆ ಕೂತರು. ಪ್ರಾರ್ಥನೆಯಲ್ಲಿ ಮಾತ್ರ, ಅಂದರೆ ದೇವರ ಮುಂದೆ ಮಾತ್ರ, ಕ್ವೇಕರ್‌ಗಳು ಹ್ಯಾಟ್ ತೆಗೆಯುತ್ತಿದ್ದರು. ಫಾಕ್ಸ್‌ಗೆ ಅದು ಮರೆಯಲಾಗದ ಗಾಯವಾಯಿತು. ಆಮೇಲೆ ನೇಲರ್ ಅವನಿಗೆ ಮುತ್ತು ಕೊಡಲು ಬಂದಾಗ ಫಾಕ್ಸ್ ಕೈ ಕೊಡಲಿಲ್ಲ, ಮುಖ ಕೊಡಲಿಲ್ಲ. ಕಾಲು ಮುಂದೆ ಚಾಚಿದ. ಯಾರ ಮುಂದೆಯೂ ತಲೆ ಬಾಗಬಾರದು ಅಂತ ನಾಡಿಗೆಲ್ಲ ಸಾರಿದವನು ಗೆಳೆಯನಿಗೆ ಕಾಲು ಚಾಚಿದ. ಫಾಕ್ಸ್ ಬಗ್ಗೆ ನನಗೆ ಎಷ್ಟೇ ಗೌರವ ಇದ್ದರೂ ಈ ಒಂದನ್ನು ಒಪ್ಪಲು ಆಗಿಲ್ಲ.

ಅಕ್ಟೋಬರ್ 24ರಂದು, ಜೋರು ಮಳೆಯಲ್ಲಿ, ನೇಲರ್ ಕುದುರೆ ಮೇಲೆ ಬ್ರಿಸ್ಟಲ್ ಊರೊಳಗೆ ಬಂದ. ಯೇಸು ಜೆರುಸಲೇಮಿಗೆ ಬಂದ ಹಾಗೆ. ಜೊತೆಗಿದ್ದ ಏಳೆಂಟು ಜನ ಮೊಣಕಾಲುದ್ದ ಕೆಸರಿನಲ್ಲಿ ನಡೆಯುತ್ತಾ 'ಪರಿಶುದ್ಧ, ಪರಿಶುದ್ಧ' ಅಂತ ಹಾಡುತ್ತಿದ್ದರು. ಅವರಲ್ಲಿ ಗಂಡಸರು ತಲೆ ಮೇಲಿನ ಹ್ಯಾಟ್ ತೆಗೆದಿದ್ದರು. ಎಲ್ಲರಲ್ಲೂ ಇರುವ ಬೆಳಕಿಗೆ ಇದು ಗುರುತು ಮಾತ್ರ, ನಾನೇ ಯೇಸು ಅಂತ ಅಲ್ಲ ಅಂದ ನೇಲರ್. ಯಾರೂ ಕೇಳಲಿಲ್ಲ. ಪಾರ್ಲಿಮೆಂಟ್ ಉಳಿದ ಕೆಲಸ ಬದಿಗಿಟ್ಟು ಡಿಸೆಂಬರ್‌ನಲ್ಲಿ ಹತ್ತಕ್ಕೂ ಹೆಚ್ಚು ದಿನ ಈ ಒಬ್ಬ ಮನುಷ್ಯನ ಬಗ್ಗೆ ಚರ್ಚೆ ಮಾಡಿತು. ಸದಸ್ಯ ಥಾಮಸ್ ಬರ್ಟನ್‌ನ ಡೈರಿಯಲ್ಲಿ ಆ ಚರ್ಚೆಯೆಲ್ಲ ಇದೆ. ಮರಣದಂಡನೆ ಬೇಡ ಅಂದವರು 96, ಬೇಕು ಅಂದವರು 82. ಹದಿನಾಲ್ಕು ಮತದಲ್ಲಿ ಜೀವ ಉಳಿಯಿತು. ಬದಲಿಗೆ 310 ಚಾಟಿ ಏಟು. ಕುತ್ತಿಗೆ ಮತ್ತು ಕೈಗಳನ್ನು ಹಲಗೆಯ ಕಂಡಿಯಲ್ಲಿ ಸಿಕ್ಕಿಸಿ ಜನರ ಮುಂದೆ ನಿಲ್ಲಿಸಿದರು. ಕಾದ ಕಬ್ಬಿಣದಿಂದ ನಾಲಿಗೆಗೆ ತೂತು. ಹಣೆಗೆ, ದೇವನಿಂದಕ (ಬ್ಲಾಸ್ಫೀಮರ್) ಅನ್ನುವುದಕ್ಕೆ 'ಬಿ' ಅಕ್ಷರದ ಬರೆ. ಆಮೇಲೆ ಬ್ರಿಸ್ಟಲ್‌ನಲ್ಲಿ ಕುದುರೆ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ. ಬರೆ ಹಾಕುವ ದಿನ ರಾಬರ್ಟ್ ರಿಚ್ ಅನ್ನುವ ವ್ಯಾಪಾರಿ ಪಕ್ಕದಲ್ಲೇ ನಿಂತಿದ್ದ. ಕಬ್ಬಿಣ ತೆಗೆದ ಕೂಡಲೇ ಗೆಳೆಯನ ಹಣೆಯ ಗಾಯವನ್ನು ನಾಲಿಗೆಯಿಂದ ನೆಕ್ಕಿದ.

ಮಾತಾಡುವ ನಾಲಿಗೆಯನ್ನೇ ಹುಡುಕಿ ಶಿಕ್ಷೆ ಕೊಟ್ಟದ್ದು ಸುಮ್ನೆ ಅಲ್ಲ. 1659ರಲ್ಲಿ ಬಿಡುಗಡೆಯಾಯಿತು. ಮರುವರ್ಷ ಊರಿಗೆ ನಡೆದು ಹೋಗುತ್ತಿದ್ದಾಗ ಹಂಟಿಂಗ್‌ಡನ್ ಹತ್ತಿರ ಯಾರೋ ದೋಚಿ ಬಿಸಾಕಿದರು. ಕೆಲವೇ ದಿನದಲ್ಲಿ ತೀರಿಕೊಂಡ. ಸಾಯುವ ಹೊತ್ತಿಗೆ ಅವನು ಹೇಳಿದ್ದು ಅಂತ ಮಿತ್ರರು ಉಳಿಸಿಕೊಂಡ ಮಾತು ಹೀಗೆ ಶುರುವಾಗುತ್ತದೆ: 'ನನ್ನೊಳಗೆ ಒಂದು ಚೇತನ ಇದೆ. ಕೆಡುಕು ಮಾಡದಿರುವುದರಲ್ಲಿ, ಯಾವ ಅನ್ಯಾಯಕ್ಕೂ ಸೇಡು ತೀರಿಸದಿರುವುದರಲ್ಲಿ ಅದಕ್ಕೆ ಸಂತೋಷ.' ಅಷ್ಟೊಂದು ಜಗಳದ ಪುಸ್ತಿಕೆ ಬರೆದ ಅದೇ ಕೈ, ತೂತು ಬಿದ್ದ ಅದೇ ನಾಲಿಗೆ.

ಎರಡು ನಮ್ಮದು, ಒಂದು ಅವರದು

ನೇಲರ್ ಆದ ಮೇಲೆ ಕ್ವೇಕರ್‌ಗಳು ಅಚ್ಚಿಗೆ ಹೋಗುವುದರ ಬಗ್ಗೆ ಎಚ್ಚರವಾದರು. 1673ರಲ್ಲಿ ಲಂಡನ್ನಿನಲ್ಲಿ ಒಂದು ಸಭೆ ಶುರುವಾಯಿತು. ಪ್ರತಿ ಸೋಮವಾರ ಬೆಳಿಗ್ಗೆ ಕೂತು, ತಮ್ಮವರ ಹಸ್ತಪ್ರತಿ ಓದಿ, ಅಚ್ಚಾಗಬಹುದೋ ಬೇಡವೋ ಅಂತ ತೀರ್ಮಾನಿಸುವ ಸಭೆ. ಕೆಲವು ವರ್ಷದಲ್ಲಿ ಅದು ಫಾಕ್ಸ್ ಬರೆದದ್ದನ್ನೇ ತಡೆಯಿತು. ನನ್ನ ಕಾಗದಗಳಿಗೇ ಅಡ್ಡ ಬರಲು ನಾನು ಆ ಸಭೆ ಮಾಡಲಿಲ್ಲ ಅಂತ ಅವನು ನೊಂದು ಬರೆದ. ನನಗೆ ಇಬ್ಬರ ಕಡೆಯೂ ಮನಸ್ಸು ಹೋಗುತ್ತದೆ. ಸಾವಿರಾರು ಜನ ಜೈಲಿನಲ್ಲಿರುವಾಗ ಒಂದು ಬಿಸಿ ಮಾತು ಎಷ್ಟು ಮನೆ ಸುಡುತ್ತದೆ ಅಂತ ಆ ಸಭೆಯವರಿಗೆ ಗೊತ್ತಿತ್ತು. ಆದರೆ 1650ರ ದಶಕದ ಆ ಎಂಟು ಪುಟಗಳ ಉಸಿರು ಆಮೇಲಿನ ಪುಸ್ತಕಗಳಲ್ಲಿ ಕಡಿಮೆ.

ಅದೇ ಸಭೆ ಮಾಡಿದ ಇನ್ನೊಂದು ತೀರ್ಮಾನ ನನಗೆ ತುಂಬಾ ಹಿಡಿಸಿದ್ದು. ಮಿತ್ರರು ಬರೆದ ಪ್ರತಿ ಪುಸ್ತಕದ ಎರಡು ಪ್ರತಿ ಕೂಡಿಡಬೇಕು. ಮಿತ್ರರ ವಿರುದ್ಧ ಬರೆದ ಪ್ರತಿ ಪುಸ್ತಕದ ಒಂದು ಪ್ರತಿಯನ್ನೂ ಕೂಡಿಡಬೇಕು. ಉತ್ತರ ಕೊಡಲು ಬೇಕು ಅಂತಲೇ ಇಟ್ಟದ್ದು, ನಿಜ. ಆದರೂ ತಮ್ಮನ್ನು ಮಾಟಗಾರರು ಅಂದ ಹಾಳೆಯನ್ನು ಸುಡದೆ ಕಪಾಟಿನಲ್ಲಿಟ್ಟರು. ಲಂಡನ್ನಿನ ಅವರ ಲೈಬ್ರರಿ ಹುಟ್ಟಿದ್ದು ಹಾಗೆ.

ಇಂಗ್ಲಿಷಿನಿಂದ ದೌ ಹೋಯಿತು. ಕ್ವೇಕರ್‌ಗಳು ಎಲ್ಲರನ್ನೂ ಏಕವಚನಕ್ಕೆ ತರಲು ಹೊರಟರು, ಭಾಷೆ ಎಲ್ಲರನ್ನೂ ಬಹುವಚನಕ್ಕೆ ಒಯ್ದಿತು. ಕನ್ನಡದಲ್ಲಿ ಎರಡೂ ಇನ್ನೂ ಬದುಕಿವೆ. ಯಾವುದು ಯಾರ ಬಾಯಿಂದ ಯಾರಿಗೆ ಅನ್ನುವುದೂ ಬದುಕಿದೆ.

ಅಜ್ಜನನ್ನು ನಾನು ಕೊನೆಯ ಸಲ ನೋಡಿದ್ದು ಅವರ ಮನೆಯಲ್ಲಿ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಮನೆಯೊಳಗೆ ಹೋಗಿದ್ದೆ. ಕಣ್ಣು ಪೂರ್ತಿ ಮಂಜಾಗಿತ್ತು, ನೆನಪೂ ಅಲ್ಲಲ್ಲಿ ಕಳಚಿತ್ತು. ಚಾಪೆ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತಲೆಗೆ ಟವಲ್ ಸುತ್ತಿತ್ತು. ನಾನು ಪಕ್ಕದಲ್ಲಿ ಕೂತ ಸದ್ದಿಗೆ ಕೈ ಚಾಚಿ ನನ್ನ ಮೊಣಕೈ ಹಿಡಿದುಕೊಂಡು, 'ಯಾವಾಗ್ ಬಂದೆ ಮಗ? ಉಂಡ್ಯಾ?' ಅಂದರು.

ಸೊಸೆ ಗಾಬರಿಯಾದಳು. 'ಮಾವ, ಅದು ಬುದ್ಧಿಯೋರು' ಅಂತ ಹೇಳಲು ಬಾಯಿ ತೆಗೆದಳು. ನಾನು ಬೇಡ ಅಂತ ಕೈ ಸನ್ನೆ ಮಾಡಿದೆ.

'ಈಗ್ಲೇ ಬಂದೆ ತಾತ. ನೀನು ಉಂಡ್ಯಾ?' ಅಂದೆ.